ಸೊಗಸಿನ ಮಾತುಗಳ ಚರಿತ್ರೆ

ಕನ್ನಡದಲ್ಲಿ ‘ಬಿನ್ನಾಣ’ವೆಂಬುದೊಂದು ಮಾತುಂಟು. ಈಗಿನ ಬಳಕೆಯಲ್ಲಿ ಒಬ್ಬಳನ್ನು ಬಿನ್ನಾಣಗಿತ್ತಿಯೆಂದರೆ ಅದು ಹೊಗಳಿಕೆಯಾಗದು. ಒನಪು ಒಯ್ಯಾರಗಳನ್ನು ಕುರಿತ ಕೊಂಕುಮಾತಾಗುವುದು. ಆದರೆ ಈ ಶಬ್ದದ ಹುಟ್ಟು ಬಹು ಘನವಾದುದು. ಅದು ಸಂಸ್ಕೃತದ ‘ವಿಜ್ಞಾನ’ ಶಬ್ದದ ತದ್ಭವ. ಅಮರಸಿಂಹನು ತನ್ನ ಕೋಶದಲ್ಲಿ ಮೋಕ್ಷವನ್ನು ಕುರಿತ ಬುದ್ಧಿಗೆ ಜ್ಞಾನವೆಂದೂ, ಶಿಲ್ಪದಲ್ಲಿಯೂ ಶಾಸ್ತ್ರದಲ್ಲಿಯೂ ನೆಲೆಗೊಂಡ ಬುದ್ಧಿಗೆ ವಿಜ್ಞಾನವೆಂದೂ ಹೆಸರನ್ನು ವಿಂಗಡಿಸಿರುವನು. ಆ ಶಿಲ್ಪಬುದ್ಧಿಯೇ ಹಳಗನ್ನಡದಲ್ಲಿ ಬಿನ್ನಣವಾಯಿತು. ಕೈಕೆಲಸದಲ್ಲಿ ನುರಿತವನು ಬಿನ್ನಣಿಯಾದನು. ಕಾಲಕ್ರಮದಲ್ಲಿ ಕೆಲಸಗಾರನ ಕೈಚಳಕವು ಈ ಮಾತಿನಿಂದ ಜಾರಿಹೋಯಿತು. ಆ ಕೈಚಳಕದಿಂದ ಹುಟ್ಟಿದ ವಸ್ತುವನ್ನು ತೊಟ್ಟು ಮೆರೆಯುವವರ ಹಾವಭಾವ ಮಾತ್ರ ಅದರಲ್ಲಿ ಉಳಿಯಿತು. ಮಾಡಿದವನು ಮರೆಯಾಗಿ ಮೆರೆದವನೊಬ್ಬನೇ ಉಳಿದಾಗ ಹೊಗಳಿಕೆಯು ಹಳಿವಾಗಿ ಮಾರ್ಪಟ್ಟಿತು.

ಇದನ್ನು ಬಿಡಿಯಾದ ಸಂಗತಿಯೆಂದು ತಳ್ಳಿಬಿಡುವಂತಿಲ್ಲ. ಉಡುಗೆ ತೊಡುಗೆ, ಒಡವೆ ವಸ್ತು, ಮನೆಮಾರುಗಳ ಚೆಲುವನ್ನೂ ವೈಭವವನ್ನೂ ಹೇಳುವ ಶಬ್ದಗಳನ್ನು ಸಾಲಾಗಿಟ್ಟು ನೋಡಿದರೆ ಅವುಗಳಲ್ಲಿ ಅನೇಕವು ಇದೇ ದಾರಿಯನ್ನು ಹಿಡಿದಿರುವುದು ಕಾಣಬರುತ್ತದೆ. ಹೊಗಳಿಕೆಯಾಗಿ ಹುಟ್ಟಿ ಹಳಿವಿನಲ್ಲಿ ಮುಗಿಯುವುದು ಅವುಗಳ ಹಣೆಯ ಬರಹವೋ ಎಂಬಂತಿದೆ. ಯಾವ ಮಾತುಗಳು ಹೀಗೆ ಕೆಳಗಿಳಿದುವು, ಯಾವುವು ಇಳಿಯದೆ ನಿಂತುವು, ನಿಂತುದಕ್ಕೆ ಕಾರಣವೇನು ಎಂಬುದನ್ನು ವಿಚಾರಿಸಿದರೆ ನಾಡಿನ ಅರಮನೆಗಳ ಚರಿತ್ರೆಯೂ ಮಗ್ಗಗಳ ಚರಿತ್ರೆಯೂ ಒಟ್ಟಿಗೇ ಗೋಚರವಾಗುವುವು.

ಮೊದಲು ಸಂಸ್ಕೃತದಿಂದ ಬಂದ ಮಾತುಗಳನ್ನು ನೋಡೋಣ. ವಾತ್ಸ್ಯಾಯನನು ಕಾಮಸೂತ್ರದ ಮೊದಲ ಅಧಿಕರಣದಲ್ಲಿ ‘ನಾಗರಕ’ನ ದಿನಚರಿಗಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿರುವನು. ಸ್ನಾನ, ಅನುಲೇಪನ, ತಾಂಬೂಲ, ಮಾಲೆ, ವೀಣೆ, ಗೋಷ್ಠಿ ಇವುಗಳಲ್ಲಿ ಹೊತ್ತು ಕಳೆಯುವ ಪಟ್ಟಣದ ರಸಿಕನೇ ಈ ನಾಗರಕ. ಇವನಿಗೆ ಎದುರಾಗಿ ನಿಂತ ಶಬ್ದ ‘ಗ್ರಾಮ್ಯ’. ಆಲಂಕಾರಿಕರು ಗ್ರಾಮ್ಯವನ್ನು ಕಾವ್ಯದೋಷಗಳಲ್ಲಿ ಒಂದಾಗಿ ಎಣಿಸಿದರು. ಸೊಗಸೆಂಬುದು ಊರಿನ ಗುಣ, ಒರಟುತನವೆಂಬುದು ಹಳ್ಳಿಯ ಗುಣ ಎಂಬ ತೀರ್ಪು ಈ ಎರಡು ಮಾತುಗಳಲ್ಲಿಯೇ ಅಡಗಿದೆ. ‘ವಿದಗ್ಧ’ನೆಂದರೆ ಧಾತ್ವರ್ಥದಿಂದ ಚೆನ್ನಾಗಿ ಬೆಂದವನು, ಅನುಭವದ ಉರಿಯಲ್ಲಿ ಪಕ್ವನಾದ ಚತುರ. ‘ವಿಲಾಸ’ವಾದರೋ ಹೊಳೆಯುವುದು, ಆಡುವುದು ಎಂಬ ಅರ್ಥದ ಧಾತುವಿನಿಂದ ಹುಟ್ಟಿದುದು.

ಇವುಗಳಲ್ಲಿ ನಾಗರಿಕ ಶಬ್ದವು ಭಾಗ್ಯಶಾಲಿ. ಗಂಧಮಾಲ್ಯಗಳನ್ನು ಕಳಚಿಹಾಕಿ, ರಾಜ್ಯಾಂಗದ ಹಕ್ಕುಬಾಧ್ಯತೆಗಳುಳ್ಳ ಪ್ರಜೆಯೆಂಬ ಗಂಭೀರವಾದ ಅರ್ಥವನ್ನು ಅದು ಪಡೆದುಕೊಂಡಿತು. ವಿಲಾಸದ ಗತಿ ವಿಚಿತ್ರವಾದುದು. ವಿಲಾಸಿಯೆಂಬುದು ಬೈಗುಳಕ್ಕೆ ಸಮೀಪವಾಯಿತು. ಆದರೂ 1912ರಲ್ಲಿ ಪೂರ್ತಿಯಾದ ಮೈಸೂರಿನ ಅರಮನೆಯಲ್ಲಿ ಒಡೆಯರ ಖಾಸಗಿ ದರ್ಬಾರಿನ ತೊಟ್ಟಿಗೆ ‘ಅಂಬಾವಿಲಾಸ’ವೆಂಬ ಹೆಸರು ಶೋಭಿಸಿತು. ಅದೇ ಮಾತು ಕಾಫಿ ಹೋಟೆಲುಗಳ ಹಲಗೆಯ ಮೇಲೆಯೂ ಏರಿತು. ಕಡೆಗೆ ಕಾಗದದ ಲಕೋಟೆಯ ಮೇಲೆ ಬರೆಯುವ ಊರುಕೇರಿಯ ಗುರುತಿಗೂ ವಿಳಾಸವೆಂದೇ ಹೆಸರಾಯಿತು. ಗುಡಿಸಲಿನಲ್ಲಿರುವ ಬಡವನಿಗೂ ಒಂದು ವಿಳಾಸವಿರುವುದು ಕನ್ನಡ ಭಾಷೆಯ ಔದಾರ್ಯವೆಂದೇ ಹೇಳಬೇಕು.

ಕನ್ನಡನಾಡಿನ ಅರಮನೆಗಳಲ್ಲಿ ‘ಭೋಗ’ವೆಂಬ ಮಾತಿಗೆ ಬಹುಕಾಲ ಕಳಂಕವಿರಲಿಲ್ಲ. ಪಂಪನು 941ರಲ್ಲಿ ಮುಗಿಸಿದ ವಿಕ್ರಮಾರ್ಜುನವಿಜಯದಲ್ಲಿ ಬನವಾಸಿಯ ಜನರನ್ನು ಕೊಂಡಾಡುವಾಗ ಭೋಗವನ್ನು ತ್ಯಾಗದ ಬಳಿಯಲ್ಲಿಯೇ ಇರಿಸಿದನು. ಕೊಡಬಲ್ಲವನಿಗೆ ಉಣ್ಣುವುದೂ ಉಡುವುದೂ ಒಪ್ಪುವುದೆಂಬುದು ಆ ಕಾಲದ ಮತ. ದೇವಾಲಯಗಳಿಗೆ ಬಿಟ್ಟ ದತ್ತಿಗಳ ಶಾಸನಗಳಲ್ಲಿ ದೇವರ ‘ಅಂಗಭೋಗ ರಂಗಭೋಗ’ಗಳ ಮಾತು ಮತ್ತೆ ಮತ್ತೆ ಬರುವುದು. ಗಂಧ, ಧೂಪ, ವಸ್ತ್ರಗಳು ಅಂಗಭೋಗ. ಗೀತ, ವಾದ್ಯ, ನೃತ್ಯಗಳು ರಂಗಭೋಗ. ಈ ಭೋಗದ ಶಾಸ್ತ್ರವು ತುತ್ತತುದಿಗೆ ಮುಟ್ಟಿದುದು ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ. ಶಕ 1051, ಎಂದರೆ ಕ್ರಿ.ಶ. 1129ರ ಈ ಸಂಸ್ಕೃತ ಗ್ರಂಥವು ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ ಹಂಚಿದೆ. ಮೂರನೆಯ ವಿಂಶತಿಯು ಆದ್ಯಂತವಾಗಿ ಅರಸನ ಉಪಭೋಗಗಳಿಗೇ ಮೀಸಲಾಗಿದೆ: ಮನೆ, ಸ್ನಾನ, ಪಾದುಕೆ, ತಾಂಬೂಲ, ವಿಲೇಪನ, ವಸ್ತ್ರ, ಮಾಲೆ, ಭೂಷಣ, ಆಸನ ಮುಂತಾಗಿ ಇಪ್ಪತ್ತು. ವಸ್ತ್ರೋಪಭೋಗದಲ್ಲಿ ಮಹಾಚೀನ, ಸಿಂಹಳ, ಕಳಿಂಗ, ವಂಗ, ನಾಗಪಟ್ಟಣ, ಮೂಲಸ್ಥಾನ ಮೊದಲಾದ ದೂರದೂರದ ಎಡೆಗಳಿಂದ ಬಂದ ಬಟ್ಟೆಗಳ ಮಾತಿದೆ. ಇಂದಿನ ಬಸವಕಲ್ಯಾಣದ ಬಯಲಿನಲ್ಲಿ ನಿಂತವರಿಗೆ ಇಷ್ಟು ದೇಶಗಳ ನೂಲು ಅಲ್ಲಿ ಬಂದು ಸೇರುತ್ತಿದ್ದಿತೆಂಬುದನ್ನು ಊಹಿಸುವುದೇ ಕಷ್ಟ.

ಈ ಮಹಾಗ್ರಂಥದಲ್ಲಿ ಬಟ್ಟೆಗಳಿಗೆ ಊರಿನ ಹೆಸರಿದೆ, ಬಣ್ಣದ ಹೆಸರಿದೆ, ಉಡತಕ್ಕ ಕಾಲದ ವಿವೇಚನೆಯಿದೆ. ನೋಟವೆಲ್ಲವೂ ಉಡುವವನ ಕಡೆಯಿಂದಲೇ ಬಂದುದು. ಆಶ್ಚರ್ಯದ ಸಂಗತಿಯೆಂದರೆ, ಅದೇ ಕಲ್ಯಾಣದಲ್ಲಿ ಒಂದೆರಡು ತಲೆಮಾರು ಕಳೆಯುವುದರೊಳಗಾಗಿ ಇದಕ್ಕೆ ತಿರುಗುಮುರುಗಾದ ಒಂದು ಪರಿಪಾಟಿ ತಲೆಯೆತ್ತಿತು. ಬಸವಣ್ಣನವರ ಕಾಲದ ಶರಣಸಮೂಹದಲ್ಲಿ ಮನುಷ್ಯನ ಹೆಸರಿಗೆ ಮುಂಚಿತವಾಗಿ ಅವನ ಕಾಯಕದ ಹೆಸರು ಬಂದಿತು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಸೂಜಿಕಾಯಕದ ರಾಮಿತಂದೆ, ಕದಿರ ರೆಮ್ಮವ್ವೆ. ಇವರಿಗಿಂತ ಹಿಂದಿನವನಾದ ಮುದನೂರಿನ ದಾಸಿಮಯ್ಯನೂ ‘ಜೇಡರ’ ದಾಸಿಮಯ್ಯನೇ, ಜೇಡನೆಂದರೆ ನೇಯ್ಗೆಯವನು. ಸೂಜಿ, ಕದಿರು, ಮಗ್ಗಗಳೇ ಇಲ್ಲಿ ಬಿರುದುಗಳಾದುವು. ಮಾನಸೋಲ್ಲಾಸವು ಯಾರ ಹೆಸರನ್ನು ಹೇಳಲಿಲ್ಲವೋ ಅವರು ತಮ್ಮ ಹೆಸರನ್ನು ತಾವೇ ಹೇಳಿಕೊಂಡರು. ‘ಬೆಡಗು’ ಎಂಬ ಮಾತಿಗೂ ಇವರಿಂದ ಒಂದು ಹೊಸ ಬಾಳು ದೊರೆಯಿತು. ಸೊಬಗು, ಒಯ್ಯಾರ ಎಂಬ ಅರ್ಥದ ಈ ಶಬ್ದವು, ಮೇಲೆ ಒಂದು ತೋರಿ ಒಳಗೆ ಮತ್ತೊಂದನ್ನು ಅಡಗಿಸಿಕೊಂಡ ಗೂಢವಚನಗಳಿಗೆ ಹೆಸರಾಗಿ, ಅಲ್ಲಮಪ್ರಭುಗಳ ಬೆಡಗಿನ ವಚನಗಳಿಂದ ಸಾರಸ್ವತಲೋಕದಲ್ಲಿ ಚಿರಸ್ಥಾಯಿಯಾಯಿತು.

ಮುಂದೆ ವಿಜಯನಗರದ ಕಾಲಕ್ಕೆ ಬಂದರೆ ಪರದೇಶದ ಉಡುಪು ಹಿಂದೂ ರಾಜರ ಓಲಗವನ್ನೇ ಪ್ರವೇಶಿಸಿದುದು ಕಾಣುವುದು. ಹೊಲಿದ ಉದ್ದನೆಯ ನಿಲುವಂಗಿಗೆ ‘ಕಬಾಯಿ’ಯೆಂದೂ, ಎತ್ತರವಾದ ಮೊನೆಯುಳ್ಳ ಟೋಪಿಗೆ ‘ಕುಳ್ಳಾಯಿ’ಯೆಂದೂ ಹೆಸರು. ಮೊದಲನೆಯದು ಅರಬ್ಬಿಯ ‘ಕಬಾ’, ಎರಡನೆಯದು ಪಾರಸಿಯ ‘ಕುಲಾಹ್’. ಲೇಪಾಕ್ಷಿಯ ಚಾವಣಿಯ ಚಿತ್ರಗಳಲ್ಲಿ ಈ ಕುಳ್ಳಾಯಿಗಳನ್ನು ಇಂದಿಗೂ ನೋಡಬಹುದು. 1443ರಲ್ಲಿ ಇಮ್ಮಡಿ ದೇವರಾಯನ ಸಭೆಗೆ ಬಂದ ಪಾರಸಿಕ ದೂತ ಅಬ್ದುರ್ ರಜಾಕನೂ, ಸುಮಾರು 1520ರಲ್ಲಿ ಕೃಷ್ಣದೇವರಾಯನನ್ನು ಕಂಡ ಪೋರ್ತುಗೀಸ ಪಾಯೆಸನೂ ಅರಸರ ಉಡುಪನ್ನು ವರ್ಣಿಸಿರುವರು. ಬಿಳಿಯ ಬಟ್ಟೆಯ ಮೇಲೆ ಚಿನ್ನದ ಗುಲಾಬಿಗಳ ಕಸೂತಿ, ಕೊರಳಲ್ಲಿ ವಜ್ರದ ಆಭರಣ, ತಲೆಯ ಮೇಲೆ ಜರಿಯ ಟೋಪಿ: ಪಾಯೆಸನು ಕಂಡ ಕೃಷ್ಣರಾಯನು ಹೀಗಿದ್ದನು. ಯುದ್ಧದಲ್ಲಿ ಎದುರಾಳಿಗಳಾಗಿದ್ದವರ ಉಡುಪು ಓಲಗದಲ್ಲಿ ಗೌರವದ ಉಡುಪಾದುದಕ್ಕೆ ಕಾರಣವುಂಟು. ಹೊರಗಿನ ಅರಸರೊಡನೆ, ಕುದುರೆಯ ವ್ಯಾಪಾರಿಗಳೊಡನೆ, ದೂತರೊಡನೆ ಸಮಾನಸ್ಕಂಧನಾಗಿ ಕುಳಿತುಕೊಳ್ಳುವವನು ಅವರೆಲ್ಲರೂ ಬಲ್ಲ ಘನತೆಯ ಭಾಷೆಯನ್ನು ಉಡುಪಿನಲ್ಲಿಯೂ ಆಡಬೇಕಾಗಿದ್ದಿತು. 1565ರ ಯುದ್ಧದ ತರುವಾಯ ಆ ಓಲಗ ಅಳಿಯಿತು. ಅರಸರ ಕುಳ್ಳಾಯಿಯ ಹೆಸರು ಮಾತ್ರ ಕುಲಾವಿಯಾಗಿ ನಮ್ಮ ಮನೆಗಳಲ್ಲಿ ಉಳಿದು, ಚಳಿಯಲ್ಲಿ ಎಳೆಯ ಮಕ್ಕಳ ಕಿವಿಯನ್ನು ಬೆಚ್ಚಗಿಡುತ್ತಿದೆ.

ಬಿಜಾಪುರದ ಆದಿಲಶಾಹಿ, ಮರಾಠರ ಆಡಳಿತ, ಹೈದರ್ ಟೀಪುಗಳ ಆಳ್ವಿಕೆ ಇವುಗಳ ಮೂಲಕ ಅರಬ್ಬೀ ಪಾರಸೀ ಶಬ್ದಗಳು ಹೊಳೆಯಂತೆ ಕನ್ನಡಕ್ಕೆ ಹರಿದುಬಂದುವು. ಸೊಗಸಿಗೆ ಸಂಬಂಧಿಸಿದ ಇಂಥ ಮಾತುಗಳನ್ನು ಎರಡು ಗುಂಪಾಗಿ ವಿಂಗಡಿಸಿದರೆ ಒಂದು ನಿಯಮವು ಸ್ಪಷ್ಟವಾಗುವುದು. ಮೊದಲನೆಯ ಗುಂಪು ವಸ್ತುಗಳ ಹೆಸರುಗಳದು. ಜರಿ, ಜರತಾರಿ, ಮಖಮಲ್ಲು, ಕಿಂಕಾಪು, ಶಾಲು, ರುಮಾಲು, ಅತ್ತರು. ಪಾರಸಿಯಲ್ಲಿ ಜರ್ ಎಂದರೆ ಚಿನ್ನ, ತಾರ್ ಎಂದರೆ ಎಳೆ, ಅವುಗಳಿಂದ ಜರತಾರಿ. ರೂ ಎಂದರೆ ಮುಖ, ಮಾಲ್ ಎಂದರೆ ಒರೆಸುವುದು. ಮುಖವೊರಸುವ ವಸ್ತ್ರವು ಮೈಸೂರಿನ ಕಡೆ ಮುಂಡಾಸಾಗಿ ತಲೆಯನ್ನೇರಿತು. ಈ ಹೆಸರುಗಳಲ್ಲಿ ಒಂದಕ್ಕಾದರೂ ಕೆಟ್ಟ ಅರ್ಥ ಅಂಟಿಲ್ಲ. ವಿದ್ವಾಂಸರನ್ನು ಸನ್ಮಾನಿಸುವಾಗ ಶಾಲು ಹೊದಿಸುವುದು ಈಗಲೂ ಉಚಿತವಾದ ಮರ್ಯಾದೆ.

ಎರಡನೆಯ ಗುಂಪು ನಡವಳಿಕೆಯ ಮಾತುಗಳದು. ಅರಬ್ಬಿಯ ‘ದೌಲತ್’ ಎಂದರೆ ರಾಜ್ಯ, ಐಶ್ವರ್ಯ. ಕನ್ನಡದ ದೌಲತ್ತು ದರ್ಪದ ಹೆಸರು. ‘ದಿಮಾಗ್’ ಎಂದರೆ ಮಿದುಳು. ಕನ್ನಡದ ದಿಮಾಕು ಸೊಕ್ಕಿನ ಹೆಸರು. ಹಿಂದೂಸ್ತಾನಿಯ ‘ಡೌಲ್’ ಎಂದರೆ ಆಕಾರ. ಕನ್ನಡದ ಡೌಲು ಒಳಗೇನೂ ಇಲ್ಲದ ಆಡಂಬರ. ‘ಶೌಕ್’ ಎಂದರೆ ಹಂಬಲ, ಅಭಿರುಚಿ. ಕನ್ನಡದ ಷೋಕಿಯು ದುಡಿಯದೆ ದುಡ್ಡು ಹಾಳುಮಾಡುವವನ ಗುಣ. ಇದನ್ನು ಕೆಲವರು ಶಕಾರದಿಂದ ‘ಶೋಕಿ’ಯೆಂದು ಬರೆಯುವರು. ಸಂಸ್ಕೃತವನ್ನು ಬಲ್ಲವರು ಹಾಗೆ ಬರೆದುದನ್ನು ಓದಿದರೆ ಶೋಕವುಳ್ಳವನೆಂದೇ ಅರ್ಥ ಮಾಡಿಯಾರು. ಸಾಲದ ಕಾಗದ ಕೈಗೆ ಬಂದ ದಿನ ಎರಡು ಅರ್ಥಗಳೂ ಒಂದೇ ಕಡೆ ಕೂಡುವುದುಂಟು. ಬದುಕು ಮತ್ತು ವಿಶ್ರಾಂತಿ ಎಂಬ ಎರಡು ನಿರ್ದೋಷವಾದ ಮಾತುಗಳು ಸೇರಿ ಆದ ಐಷಾರಾಮವೂ ಗೃಹಸ್ಥರ ಬಾಯಲ್ಲಿ ಅರೆನಿಂದೆಯೇ. ನಾಜೂಕು ಒಂದು ಮಾತ್ರ ಮರ್ಯಾದೆಯಿಂದ ಉಳಿಯಿತು. ಏಕೆಂದರೆ ಅದು ನಡೆಗೆ ಸಲ್ಲುವಂತೆ ಕೆಲಸಕ್ಕೂ ಸಲ್ಲುವುದು. ಅಕ್ಕಸಾಲಿಯ ನಾಜೂಕು ಕೆಲಸವೆಂದರೆ ಈಗಲೂ ಹೊಗಳಿಕೆ.

ನಿಯಮವು ಇಷ್ಟು: ವಸ್ತುವಿನ ಹೆಸರಿಗೆ ಕೆಡುಕು ತಟ್ಟಲಿಲ್ಲ, ವಸ್ತುವನ್ನು ನೆಪಮಾಡಿಕೊಂಡು ಮೆರೆಯುವ ರೀತಿಯ ಹೆಸರಿಗೆ ತಟ್ಟಿತು. ಅರಮನೆಯ ಕಡೆಯಿಂದ ಬಂದ ಮಾತನ್ನು ರೈತರೂ ಗೃಹಿಣಿಯರೂ ತಮ್ಮ ತಕ್ಕಡಿಯಲ್ಲಿ ತೂಗಿ ನೋಡಿದರು. ಕಂದಾಯ ಕೊಡುವವನಿಗೆ ದೌಲತ್ತು ಕಾಣಿಸಿದುದು ಕಂದಾಯ ವಸೂಲು ಮಾಡುವವನ ಮುಖದಲ್ಲಿ. ಆದುದರಿಂದ ಐಶ್ವರ್ಯವೆಂಬ ಅರ್ಥ ಅವನಿಗೆ ದಕ್ಕಲಿಲ್ಲ, ದರ್ಪವೆಂಬ ಅರ್ಥ ದಕ್ಕಿತು. ಯಾವ ಕೋಶಕಾರನೂ ಈ ಬದಲಾವಣೆಯನ್ನು ಮಾಡಿದವನಲ್ಲ; ಬಡಜನರು ಸದ್ದಿಲ್ಲದೆ ಬರೆದಿಟ್ಟ ಚರಿತ್ರೆಯಿದು.

ಪಟ್ಟೆ, ರೇಷ್ಮೆ ಎಂಬ ಎರಡು ಹೆಸರುಗಳ ಸಹವಾಸವೂ ಗಮನಾರ್ಹವಾದುದು. ಸಂಸ್ಕೃತದ ಪಟ್ಟದಿಂದ ಬಂದ ಪಟ್ಟೆ ನಮ್ಮ ಹಳೆಯ ಮಾತು. ರೇಷ್ಮೆಯು ಪಾರಸಿಯ ‘ರೇಶಮ್’. 1782ರಿಂದ 1799ರವರೆಗೆ ಆಳಿದ ಟೀಪು ಸುಲ್ತಾನನು ಬಂಗಾಳದಿಂದ ರೇಷ್ಮೆಹುಳುಗಳನ್ನು ತರಿಸಿ ಮೈಸೂರು ಸೀಮೆಯಲ್ಲಿ ಹಿಪ್ಪುನೇರಳೆಯ ಬೇಸಾಯಕ್ಕೆ ಅಡಿಪಾಯ ಹಾಕಿದನು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ರೇಷ್ಮೆ ನೇಯುವ ಕಾರ್ಖಾನೆಯು ಆರಂಭವಾಯಿತು. ಹುಳು, ಗೂಡು, ನೂಲು, ಸಂತೆ, ಕಾರ್ಖಾನೆ ಎಲ್ಲ ಕಡೆಯಲ್ಲಿಯೂ ರೇಷ್ಮೆಯೆಂಬ ಹೆಸರೇ ಗೆದ್ದಿತು. ಆದರೆ ಪೂಜೆಯ ಹೊತ್ತಿಗೆ ಉಡುವುದು ಪಟ್ಟೆಮಡಿಯೇ ಆಯಿತು. ಕೊಳ್ಳುವಾಗ ರೇಷ್ಮೆ, ಉಟ್ಟು ದೇವರ ಮುಂದೆ ಕುಳಿತಾಗ ಪಟ್ಟೆ. ಒಂದೇ ವಸ್ತುವಿಗೆ ಅಂಗಡಿಯಲ್ಲಿ ಒಂದು ಹೆಸರು, ದೇವರ ಮನೆಯಲ್ಲಿ ಮತ್ತೊಂದು.

ಇಂಗ್ಲಿಷರ ಕಾಲದಲ್ಲಿ ಹಡಗಿನಿಂದ ಇಳಿದ ಸಾಮಾನುಗಳಿಗೆ ಕನ್ನಡಿಗರು ‘ಸೀಮೆ’ಯೆಂಬ ಮುದ್ರೆಯನ್ನೊತ್ತಿದರು, ಸೀಮೆಎಣ್ಣೆ, ಸೀಮೆಸುಣ್ಣ. ಸೊಗಸಿನ ಮಾತಾಗಿ ಬಂದುದು ‘ಫ್ಯಾಶನ್’. ಇದು ಬರುವಾಗಲೇ ಅರ್ಧ ಹೊಗಳಿಕೆ, ಅರ್ಧ ಹಾಸ್ಯವಾಗಿ ಬಂದಿತು. ಆದರೆ ಇದರ ವಂಶಾವಳಿಯನ್ನು ಹುಡುಕಿದರೆ ಬೆರಗಾಗುವುದು. ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಸೇರಿದ ಈ ಮಾತಿನ ಲ್ಯಾಟಿನ್ ಮೂಲಕ್ಕೆ ‘ಮಾಡುವಿಕೆ’ಯೆಂದು ಅರ್ಥ. ಬಿನ್ನಾಣಕ್ಕೆ ಕನ್ನಡದಲ್ಲಿ ಬಂದ ಗತಿಯೇ ಫ್ಯಾಶನ್ನಿಗೆ ಸಪ್ತಸಮುದ್ರಗಳಾಚೆ ಬಂದಿತು: ಮಾಡುವವನ ಕೆಲಸದಲ್ಲಿ ಹುಟ್ಟಿ, ತೊಡುವವನ ಸೋಗಿನಲ್ಲಿ ನೆಲೆನಿಂತಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಮಾಡುವವನು ಮಾತಿನಿಂದ ಮಾತ್ರವೇ ಅಲ್ಲದೆ ಮಾರುಕಟ್ಟೆಯಿಂದಲೂ ಹೊರದೂಡಲ್ಪಟ್ಟನು. ಯಂತ್ರದ ನೂಲು ರಾಟೆಗಳನ್ನು ನಿಲ್ಲಿಸಿತು. ಯಂತ್ರದ ಬಟ್ಟೆ ಮಗ್ಗಗಳನ್ನು ಒತ್ತರಿಸಿತು. ಫ್ಯಾಶನ್ನಿನ ಬಟ್ಟೆಯನ್ನು ಉಟ್ಟವನು ತನ್ನ ಕೇರಿಯ ನೇಕಾರನ ಕಣ್ಣಿಗೆ ಬೀಳದೆ ನಡೆಯಲಾರದ ಕಾಲವದು.

ಈ ಬಿರುಕನ್ನು ಮುಚ್ಚುವ ಯತ್ನವೊಂದು ಕನ್ನಡದ ನೆಲದಲ್ಲಿಯೇ ನಡೆಯಿತು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನವು, ಸದಸ್ಯರಾಗುವವರು ತಿಂಗಳಿಗೆ 2,000 ಗಜ ಕೈನೂಲನ್ನು ಒಪ್ಪಿಸಬೇಕೆಂಬ ಕಟ್ಟಳೆಯನ್ನು ಅಂಗೀಕರಿಸಿತು. ಮರುವರ್ಷವೇ ಅದು ಸಡಿಲವಾಯಿತಾದರೂ ಅದರ ಹಿಂದಿನ ಭಾವನೆ ಸಡಿಲವಾಗಲಿಲ್ಲ. ಉಡುವವನು ನೂಲುವವನೂ ಆಗಲಿ ಎಂಬುದೇ ಆ ಭಾವನೆ. ಅದುವರೆಗೆ ಬಡತನದ ಗುರುತಾಗಿದ್ದ ‘ಸಾದಾ’ ಎಂಬ ಪಾರಸೀ ಮಾತು ಆ ದಿನಗಳಲ್ಲಿ ಒಡವೆಯಾಯಿತು. ಇತರ ಶಬ್ದಗಳು ಮೇಲಿನಿಂದ ಕೆಳಗಿಳಿದರೆ ಇದೊಂದು ಕೆಳಗಿನಿಂದ ಮೇಲೇರಿತು. ಏರಿಸಿದುದು ರಾಟೆ.

ಅರಮನೆಗಳ ಮಾತು ಹೀಗೆ ಏಳುಬೀಳುಗಳನ್ನು ಕಾಣುತ್ತಿದ್ದಾಗ ಕೆಲಸಗಾರರ ಮನೆಯಲ್ಲಿ ಸೊಗಸಿನ ಮತ್ತೊಂದು ಪದಸಂಪತ್ತು ಅಲುಗಾಡದೆ ನಿಂತಿದ್ದಿತು. ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆಯನ್ನು ಕುಣಿಕೆಯಾಗಿ ಸಿಕ್ಕಿಸಿ ಕೂಡಿಸುವರು; ಇದಕ್ಕೆ ಕೊಂಡಿಯೆಂದು ಹೆಸರು. ಕೆಂಪು ಬಿಳಿಯ ಆ ಸೆರಗಿಗೆ ಟೋಪ ತೆನಿಯೆಂದೂ, ಅಂಚುಗಳಿಗೆ ಗೋಮಿ, ಚಿಕ್ಕಿ ಪರಾಸವೆಂದೂ ಹೆಸರುಗಳುಂಟು. ಧಾರವಾಡದ ಕಡೆಯ ಹೆಂಗಸರು ಕಸೂತಿಯ ಹೊಲಿಗೆಗಳನ್ನು ಗವಂತಿ, ಮುರ್ಗಿ, ನೇಗಿ, ಮೆಂತಿಯೆಂದು ನಾಲ್ಕು ಬಗೆಯಾಗಿ ಕರೆಯುವರು. ಗವಂತಿಯ ಹೊಲಿಗೆಯಲ್ಲಿ ಬಟ್ಟೆಯ ಎರಡು ಮಗ್ಗುಲುಗಳೂ ಒಂದೇ ತೆರನಾಗಿ ಕಾಣಬೇಕು. ಹಿಂಬದಿಯಲ್ಲಿ ಗಂಟು ತೋರಿದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಯಾರೂ ನೋಡದ ಮಗ್ಗುಲೂ ಚೆನ್ನಾಗಿರಬೇಕೆಂಬುದು ಸೊಗಸಿಗೆ ಕೊಟ್ಟ ಲಕ್ಷಣಗಳಲ್ಲಿಯೇ ಉತ್ತಮವಾದುದು. ನೇಯ್ಗೆಯವರ ‘ಹಾಸುಹೊಕ್ಕು’ ಎಂಬ ಮಾತಂತೂ ಮಗ್ಗವನ್ನು ಕಾಣದವರ ಬಾಯಲ್ಲಿಯೂ ನೆಲೆಸಿದೆ. ಈ ಮಾತುಗಳಲ್ಲಿ ಯಾವುದಕ್ಕೂ ನಿಂದೆಯ ಅರ್ಥ ಬಂದಿಲ್ಲ, ಬರುವಂತೆಯೂ ಇಲ್ಲ. ಮಾಡುವ ಕೈಯನ್ನು ಅವು ಒಮ್ಮೆಯೂ ಬಿಟ್ಟು ಹೋಗಲಿಲ್ಲ.

ಕಡೆಯದಾಗಿ ಕನ್ನಡದ ಅಚ್ಚಮಾತೊಂದನ್ನು ಸ್ಮರಿಸಬೇಕು. ಅದು ‘ಒಪ್ಪ’. ಅಕ್ಕಸಾಲಿಯು ಒಡವೆಯನ್ನು ಉಜ್ಜಿ ಹೊಳಪು ತರುವುದನ್ನು ಒಪ್ಪವಿಡುವುದೆನ್ನುವರು. ಆ ಒಡವೆಯು ತೊಟ್ಟವಳಿಗೆ ಹೊಂದಿಕೊಂಡರೆ ಅವಳಿಗೆ ಒಪ್ಪಿತೆನ್ನುವರು. ಇಬ್ಬರ ಮನಸ್ಸು ಕೂಡಿದರೂ ಒಪ್ಪಿದರೆಂದೇ ಮಾತು. ಮಾಡುವವನ ಶ್ರಮ, ತೊಡುವವರ ಯೋಗ್ಯತೆ, ನೋಡುವವರ ಸಮ್ಮತಿ ಈ ಮೂರೂ ಒಂದು ಪದದಲ್ಲಿ ಮನೆಮಾಡಿವೆ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ಒಂದು ಗ್ರಂಥವನ್ನು ರಚಿಸಿ ಸಾಧಿಸಿದನು. ಅದನ್ನೇ ಕನ್ನಡದ ಗೃಹಿಣಿಯು ‘ಒಪ್ಪವಾಗಿದೆ’ ಎಂಬ ಒಂದು ಮಾತಿನಲ್ಲಿ ಮುಗಿಸುವಳು.

ನಾಡಿನ ವಿಶಿಷ್ಟವಾದ ಬಟ್ಟೆಗಳ ಹೆಸರನ್ನು ಅನ್ಯರು ಕದಿಯದಂತೆ ಕಾಪಾಡಲು 1999ರ ಭೌಗೋಳಿಕ ಗುರುತಿನ ಕಾಯಿದೆಯಿದೆ. 2005ರಲ್ಲಿ ಮೈಸೂರು ರೇಷ್ಮೆಗೆ ಅದರ ರಕ್ಷಣೆ ದೊರೆಯಿತು. ಕಾಯಿದೆಯು ಹೆಸರನ್ನು ಕಾಯಬಲ್ಲುದು, ಹೆಸರಿನೊಳಗಿನ ಕೈಯನ್ನು ಕಾಯಲಾರದು. ಆ ಕೆಲಸ ಮನೆಮನೆಯದು. ಸೀರೆಯನ್ನು ಕೊಳ್ಳುವಾಗ ಬೆಲೆಯೊಂದನ್ನೇ ಕೇಳದೆ ಕೊಂಡಿಯನ್ನೂ ಗವಂತಿಯನ್ನೂ ಹೆಸರು ಹಿಡಿದು ಕೇಳುವ ಮನೆಯಲ್ಲಿ, ಆ ಹೆಸರಿಗೆ ತಕ್ಕ ಮಜೂರಿಯನ್ನು ಕೊಡಲು ಹಿಂಜರಿಯದ ಮನೆಯಲ್ಲಿ, ಬಿನ್ನಾಣವೆಂಬ ಮಾತಿಗೆ ಅದರ ಮೊದಲಿನ ಅರ್ಥ ಮರಳಿ ಬರುವುದು.